ಎರಡನೇ ಪರದೆಯ ಗೇಮ್ ಕಂಟ್ರೋಲರ್‌ನಿಂದ ಆಟ ಸುಧಾರಿಸುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಕೈಯಲ್ಲಿ ಹಿಡಿಯುವ ಕಂಟ್ರೋಲರ್‌ಗೇ ಒಂದು ಪರದೆ ಇದ್ದರೆ ವಿಡಿಯೋ ಗೇಮ್ ಆಡುವುದು ಹಗುರವಾಗುತ್ತದೆಯೇ, ಇಲ್ಲ ಗೋಜಲು ಹೆಚ್ಚುತ್ತದೆಯೇ ಎಂಬ ಪ್ರಶ್ನೆ ಮಾತುಕತೆಗಳಲ್ಲೂ ಓದುಗರ ಪತ್ರಗಳಲ್ಲೂ ಒಂದಲ್ಲ ಒಂದು ರೂಪದಲ್ಲಿ ಮರುಕಳಿಸುತ್ತದೆ. ಅಂಥ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು, ಒಂದೊಂದನ್ನೂ ಬಿಡಿಯಾಗಿ ಓದಿಕೊಳ್ಳುವಂತೆ ಇಲ್ಲಿ ಉತ್ತರಿಸಲಾಗಿದೆ. ಹೆಚ್ಚಿನ ಉದಾಹರಣೆಗಳು ನಿಂಟೆಂಡೊ ಕಂಪನಿಯ ವೀ ಯು ಯಂತ್ರದವು. ಟಿವಿಗೆ ಜೋಡಿಸುವ ಗೇಮ್ ಯಂತ್ರಗಳ ಪೈಕಿ ಈ ಯೋಚನೆಯನ್ನೇ ನಂಬಿ ಇಡೀ ಯಂತ್ರವನ್ನು ಪಣಕ್ಕಿಟ್ಟದ್ದು ಅದು.

## ಮೊದಲ ತಿಳುವಳಿಕೆ

ಎರಡನೇ ಪರದೆಯ ಕಂಟ್ರೋಲರ್ ಅಂದರೆ ಏನು? ಮೊಬೈಲಿನಲ್ಲಿ ಟಿವಿಯ ಆಟ ನೋಡಿದರೂ ಅದೇ ಅಲ್ಲವೇ?

ಅಲ್ಲ. ಟಿವಿಯಲ್ಲಿ ಆಟದ ಮುಖ್ಯ ಚಿತ್ರ ಓಡುತ್ತಿರುವಾಗಲೇ ಕೈಯಲ್ಲಿರುವ ಕಂಟ್ರೋಲರ್‌ನ ಪರದೆಯಲ್ಲಿ ಅದೇ ಆಟದ ಬೇರೊಂದು ಚಿತ್ರ ಮೂಡುತ್ತಿದ್ದರೆ ಅದು ಎರಡನೇ ಪರದೆ. ಆ ಬೇರೆ ಚಿತ್ರ ನಕ್ಷೆಯಾಗಿರಬಹುದು, ಚೀಲದಲ್ಲಿರುವ ಸಾಮಾನಿನ ಪಟ್ಟಿಯಾಗಿರಬಹುದು, ಅದೇ ದೃಶ್ಯವನ್ನು ಇನ್ನೊಂದು ಕೋನದಿಂದ ತೋರಿಸುವ ನೋಟವಾಗಿರಬಹುದು. ಟಿವಿಯ ಚಿತ್ರವನ್ನೇ ಹಾಗೆಹಾಗೇ ಮೊಬೈಲಿಗೋ ಕೈಯಲ್ಲಿರುವ ಇನ್ನಾವುದೋ ಪರದೆಗೋ ಕಳಿಸಿದರೆ ಅದು ಪರದೆಯ ಜಾಗ ಬದಲಾದಂತೆ ಅಷ್ಟೆ. ಸೋನಿ ಕಂಪನಿ 2023ರ ನವೆಂಬರ್‌ನಲ್ಲಿ ತಂದ ಪ್ಲೇಸ್ಟೇಷನ್ ಪೋರ್ಟಲ್ ಈ ಎರಡನೆಯ ಬಗೆಯದು. ಅದರ ನಡುವೆ 8 ಇಂಚಿನ ಪರದೆ ಇದ್ದರೂ ಅದು ಏಕಕಾಲಕ್ಕೆ ಎರಡು ನೋಟ ಕೊಡುವ ಸಾಧನವಲ್ಲ.

ಸುತ್ತಿ ಬಳಸದೆ ಹೇಳಿ, ಇದರಿಂದ ಆಟ ಚೆನ್ನಾಗುತ್ತದೆಯೋ ಇಲ್ಲವೋ?

ಕೆಲವು ಆಟಗಳಲ್ಲಿ ಬಹಳ ಚೆನ್ನಾಗುತ್ತದೆ, ಹೆಚ್ಚಿನ ಆಟಗಳಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ, ಒಂದಷ್ಟು ಆಟಗಳು ಕೆಟ್ಟೇ ಹೋಗುತ್ತವೆ. ಯಾವುದು ಯಾವ ಗುಂಪಿಗೆ ಸೇರುತ್ತದೆ ಎಂಬುದನ್ನು ನಿರ್ಧರಿಸುವುದು ಒಂದೇ ವಿಷಯ: ಒಬ್ಬನೇ ಆಟಗಾರ ಒಂದೇ ಗಳಿಗೆಯಲ್ಲಿ ಎರಡೂ ಪರದೆಗಳನ್ನು ನೋಡಬೇಕೇ? ನೋಡಬೇಕಾದರೆ ಆಟ ಕಷ್ಟವಾಗುತ್ತದೆ, ಅದೂ ರಸವಿಲ್ಲದ ಕಷ್ಟ. ಎರಡನೇ ಪರದೆಯನ್ನು ಬಿಡುವಾದಾಗ ನೋಡಿದರೆ ಸಾಕು ಎನ್ನುವಂತಿದ್ದರೆ, ಅಥವಾ ಆ ಪರದೆಯನ್ನು ನೋಡುವವರು ಬೇರೆಯೇ ಆಟಗಾರರಾಗಿದ್ದರೆ, ಲಾಭ ಕಣ್ಣಿಗೆ ಕಾಣುವಷ್ಟಿರುತ್ತದೆ.

ಇದು ನಿಂಟೆಂಡೊದವರ ಹೊಸ ಕಲ್ಪನೆಯೇ, ಹಿಂದೆ ಯಾರೂ ಮಾಡಿರಲಿಲ್ಲವೇ?

ವೀ ಯು 2012ರ ನವೆಂಬರ್ 18ರಂದು ಉತ್ತರ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು. ಅದಕ್ಕೆ ಹದಿನಾಲ್ಕು ವರ್ಷ ಮೊದಲೇ, 1998ರಲ್ಲಿ, ಸೆಗಾ ಕಂಪನಿಯ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನೊಳಗೆ ಸಿಕ್ಕಿಸುವ ವಿಎಂಯು ಎಂಬ ಮೆಮೊರಿ ಕಾರ್ಡಿನಲ್ಲಿ 48×32 ಚುಕ್ಕಿಗಳ ಕಪ್ಪುಬಿಳುಪಿನ ಪುಟ್ಟ ಪರದೆ ಇತ್ತು. ಅಮೆರಿಕನ್ ಫುಟ್‌ಬಾಲಿನ ಎನ್‌ಎಫ್‌ಎಲ್ 2ಕೆ ಆಟದಲ್ಲಿ ಮುಂದಿನ ತಂತ್ರವನ್ನು ಎದುರಾಳಿಗೆ ಕಾಣದಂತೆ ಆ ಪರದೆಯಲ್ಲೇ ಆರಿಸಿಕೊಳ್ಳಬಹುದಿತ್ತು. ಪಕ್ಕದಲ್ಲೇ ಕುಳಿತ ಗೆಳೆಯನಿಂದ ಗುಟ್ಟು ಮುಚ್ಚಿಡುವುದಕ್ಕೆ ಆ ಪುಟ್ಟ ಪರದೆಯೇ ಸಾಕಾಗುತ್ತಿತ್ತು. ಆಮೇಲೆ ನಿಂಟೆಂಡೊ ತನ್ನ ಗೇಮ್‌ಕ್ಯೂಬ್ ಯಂತ್ರಕ್ಕೆ, ಕೈಯಲ್ಲಿ ಹಿಡಿದು ಆಡುವ ಗೇಮ್‌ಬಾಯ್ ಅಡ್ವಾನ್ಸ್ ಅನ್ನು ತಂತಿಯ ಮೂಲಕ ಜೋಡಿಸಿ, 2003ರಲ್ಲಿ ಪ್ಯಾಕ್-ಮ್ಯಾನ್ ವರ್ಸಸ್, 2004ರಲ್ಲಿ ಜೆಲ್ಡಾ ಸರಣಿಯ ಫೋರ್ ಸೋರ್ಡ್ಸ್ ಅಡ್ವೆಂಚರ್ಸ್ ಆಟಗಳನ್ನು ಕೊಟ್ಟಿತು. ಕಲ್ಪನೆ ಹಳೆಯದು, ಆದರೆ ಪ್ರತಿ ಪೆಟ್ಟಿಗೆಯಲ್ಲೂ ಒಂದು ಪರದೆಯ ಕಂಟ್ರೋಲರ್ ಇದ್ದೇ ಇರುತ್ತದೆ ಎಂಬ ಭರವಸೆ ಆಟ ಮಾಡುವವರಿಗೆ ಸಿಕ್ಕಿದ್ದು ವೀ ಯುನಲ್ಲಿ. ಆ ಕಂಟ್ರೋಲರ್‌ಗೆ ಗೇಮ್‌ಪ್ಯಾಡ್ ಎಂದು ಹೆಸರು.

ವೀ ಯು ಗೇಮ್‌ಪ್ಯಾಡ್‌ನಲ್ಲಿ ಏನೇನಿತ್ತು? ತಂತಿ ಇಲ್ಲದೆ ಬರುವ ಚಿತ್ರ ತಡವಾಗುತ್ತಿರಲಿಲ್ಲವೇ?

854×480 ಚುಕ್ಕಿಗಳ 6.2 ಇಂಚಿನ ಟಚ್‌ಸ್ಕ್ರೀನ್, ಅದರ ಎರಡೂ ಬದಿಗೆ ಮಾಮೂಲಿ ಬಟನ್‌ಗಳು ಮತ್ತು ಸ್ಟಿಕ್‌ಗಳು, ಅಲುಗಾಟ ಅರಿಯುವ ಸೆನ್ಸರ್‌ಗಳು, ಕ್ಯಾಮೆರಾ, ಮೈಕ್ ಇವೆಲ್ಲ ಸೇರಿ ಸುಮಾರು ಅರ್ಧ ಕಿಲೊ ತೂಕ. ಟಚ್‌ಸ್ಕ್ರೀನ್ ಒತ್ತಿದರೆ ಕೆಲಸ ಮಾಡುವ ಹಳೆಯ ಬಗೆಯದು. ಏಕಕಾಲಕ್ಕೆ ಒಂದು ಬೆರಳನ್ನು ಮಾತ್ರ ಗುರುತಿಸುತ್ತಿತ್ತು. ಮೊಬೈಲಿಗೆ ಒಗ್ಗಿದವರಿಗೆ ಇದು ಹಿಂದುಳಿದದ್ದೆನಿಸಿದರೂ, ಜೊತೆಗೆ ಬರುತ್ತಿದ್ದ ಕಡ್ಡಿಯಿಂದ ಸೂಕ್ಷ್ಮವಾಗಿ ಗೆರೆ ಎಳೆಯಲು ಇದೇ ಅನುಕೂಲವಾಗಿತ್ತು. 2015ರ ಸೂಪರ್ ಮಾರಿಯೋ ಮೇಕರ್‌ನಲ್ಲಿ ಆಟದ ಹಂತಗಳನ್ನು ಕಡ್ಡಿಯಲ್ಲಿ ಚಿತ್ರ ಬಿಡಿಸಿದಷ್ಟೇ ಸಲೀಸಾಗಿ ಕಟ್ಟಬಹುದಿತ್ತು.

ಚಿತ್ರವನ್ನು ಯಂತ್ರವೇ ಸಂಕುಚಿಸಿ 5 ಗಿಗಾಹರ್ಟ್ಸ್ ವೈಫೈ ಅಲೆಗಳ ಮೇಲೆ ನೇರವಾಗಿ ಗೇಮ್‌ಪ್ಯಾಡ್‌ಗೆ ಕಳಿಸುತ್ತಿತ್ತು. ನಡುವೆ ಮನೆಯ ರೂಟರ್ ಇರಲಿಲ್ಲ. ವಿಳಂಬ ಎಷ್ಟು ಕಡಿಮೆ ಇತ್ತೆಂದರೆ, ಚಿತ್ರಕ್ಕೆ ತನ್ನದೇ ಮೆರುಗು ಕೊಡಲು ಸಮಯ ತೆಗೆದುಕೊಳ್ಳುವ ಅನೇಕ ಟಿವಿಗಳಿಗಿಂತ ಗೇಮ್‌ಪ್ಯಾಡ್ ಹಿಂದೆ ಬೀಳುತ್ತಿರಲಿಲ್ಲ. ತಾಂತ್ರಿಕವಾಗಿ ನೋಡಿದರೆ ಆ ಯಂತ್ರದ ನಿಜವಾದ ಸಾಧನೆ ಇದೇ. ದೌರ್ಬಲ್ಯವೆಂದರೆ ಮೂರರಿಂದ ಐದು ಗಂಟೆಗೆ ಮುಗಿಯುವ ಬ್ಯಾಟರಿ ಮತ್ತು ಗೋಡೆ ಅಡ್ಡ ಬಂದರೆ ಕಡಿದುಹೋಗುವ ಸಂಪರ್ಕ.

## ಆಡುವಾಗಿನ ಅನುಭವ

ನಕ್ಷೆ, ಸಾಮಾನು ಎಲ್ಲ ಕೈಯಲ್ಲೇ ಇದ್ದರೆ ಎಷ್ಟು ಲಾಭ? ಆಟ ನಿಲ್ಲಿಸಿ ನೋಡಿದರೂ ಆಗುತ್ತದಲ್ಲ?

ಆಗುತ್ತದೆ, ಆದರೆ ಎಷ್ಟು ಸಲ ನಿಲ್ಲಿಸಬೇಕು ಎಂಬುದರ ಮೇಲೆ ಹೋಗುತ್ತದೆ. ಗೇಮ್‌ಕ್ಯೂಬ್‌ನ ಜೆಲ್ಡಾ: ದ ವಿಂಡ್ ವೇಕರ್ ಸಮುದ್ರಯಾನದ ಆಟ. ಗಾಳಿಯ ದಿಕ್ಕು ಬದಲಿಸುವುದು, ಹಾಯಿ ಬಿಚ್ಚುವುದು, ಫಿರಂಗಿ ತೆಗೆಯುವುದು, ನಕ್ಷೆ ನೋಡುವುದು, ಹೀಗೆ ಸಾಮಾನು ಬದಲಿಸುತ್ತಲೇ ಇರಬೇಕು. ಪ್ರತಿ ಬದಲಾವಣೆಗೂ ಆಟ ನಿಲ್ಲಿಸಿ ಪಟ್ಟಿ ತೆರೆಯಬೇಕಿತ್ತು. 2013ರಲ್ಲಿ ವೀ ಯುಗೆ ಬಂದ ಎಚ್‌ಡಿ ಆವೃತ್ತಿಯಲ್ಲಿ ಸಾಮಾನೂ ನಕ್ಷೆಯೂ ಗೇಮ್‌ಪ್ಯಾಡ್‌ನಲ್ಲಿ ಸದಾ ತೆರೆದೇ ಇರುತ್ತವೆ, ಬೇಕಾದುದನ್ನು ಬೆರಳಿನಿಂದ ಎಳೆದು ಬಟನ್ನಿನ ಜಾಗದಲ್ಲಿಟ್ಟರೆ ಮುಗಿಯಿತು. ದೋಣಿ ಮುಂದೆ ಸಾಗುತ್ತಲೇ ಇರುತ್ತದೆ. ಒಂದೊಂದು ಸಲ ಉಳಿಯುವುದು ಕೆಲವೇ ಕ್ಷಣವಾದರೂ, ಯಾನದ ಓಟ ಮುರಿಯದೆ ಉಳಿಯುವುದೇ ದೊಡ್ಡ ಗಳಿಕೆ.

ಗಮನಿಸಬೇಕಾದದ್ದು ಸಮುದ್ರಯಾನದ ಲಯ. ಎರಡು ದ್ವೀಪಗಳ ನಡುವೆ ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಕೆಳಗೆ ನೋಡಲು ಬಿಡುವು ತಾನಾಗಿ ಒದಗುತ್ತದೆ. 2015ರ ಜೆನೊಬ್ಲೇಡ್ ಕ್ರಾನಿಕಲ್ಸ್ ಎಕ್ಸ್ ಕೂಡ ಹಾಗೆಯೇ: ವಿಶಾಲವಾದ ಅನ್ಯಗ್ರಹವನ್ನು ಷಟ್ಕೋನಗಳಾಗಿ ಹಂಚಿದ ನಕ್ಷೆ ಗೇಮ್‌ಪ್ಯಾಡ್‌ನಲ್ಲಿತ್ತು, ಹೋಗಬೇಕಾದ ಕಡೆ ಮುಟ್ಟಿದರೆ ಅಲ್ಲಿಗೇ ಕರೆದೊಯ್ಯುತ್ತಿತ್ತು. ಸತತವಾಗಿ ಶತ್ರುಗಳು ಮೇಲೆರಗುವ ಆಟದಲ್ಲಿ ಇದೇ ಏರ್ಪಾಡು ಇಷ್ಟು ಹಿತವಾಗಿರುತ್ತಿರಲಿಲ್ಲ.

ಆಟ ನಡೆಯುವಾಗ ಕೆಳಗೆ ನೋಡಿದರೆ ಸತ್ತೇ ಹೋಗುತ್ತೇನೆ. ತಪ್ಪು ನನ್ನದೋ, ಆಟದ್ದೋ?

ಬಹುಪಾಲು ಆಟದ್ದು, ಸ್ವಲ್ಪ ನಮ್ಮ ಕಣ್ಣಿನ ರಚನೆಯದು. ಟಿವಿ ಎರಡು-ಮೂರು ಮೀಟರ್ ದೂರದಲ್ಲಿರುತ್ತದೆ, ಕೈಯಲ್ಲಿರುವ ಪರದೆ ಸುಮಾರು 40 ಸೆಂಟಿಮೀಟರ್ ದೂರದಲ್ಲಿ. ನೋಟವನ್ನು ಒಂದರಿಂದ ಇನ್ನೊಂದಕ್ಕೆ ಹಾಯಿಸುವಾಗ ಮೂರು ಕೆಲಸಗಳು ನಡೆಯಬೇಕು: ಕಣ್ಣುಗುಡ್ಡೆ, ಎಷ್ಟೋ ಸಲ ತಲೆಯೂ, ಕೆಳಗೆ ತಿರುಗಬೇಕು, ಕಣ್ಣಿನ ಮಸೂರ ಹತ್ತಿರದ ವಸ್ತುವಿಗೆ ಹೊಂದಿಕೊಳ್ಳಬೇಕು, ಹೊಸ ಚಿತ್ರದಲ್ಲಿ ಬೇಕಾದುದು ಎಲ್ಲಿದೆ ಎಂದು ಮನಸ್ಸು ಹುಡುಕಬೇಕು. ಮಸೂರದ ಹೊಂದಾಣಿಕೆ ಶುರುವಾಗುವುದಕ್ಕೇ ಸೆಕೆಂಡಿನ ಮೂರನೇ ಒಂದು ಭಾಗದಷ್ಟು ಬೇಕು, ಪೂರ್ತಿಯಾಗಲು ಅದಕ್ಕಿಂತ ಹೆಚ್ಚು. ಸೆಕೆಂಡಿಗೆ 60 ಚಿತ್ರಗಳು ಓಡುವ ಆಟದಲ್ಲಿ ಬರೀ ಅರ್ಧ ಸೆಕೆಂಡ್ ಕಳೆದರೂ 30 ಚಿತ್ರಗಳು ಮುಂದೆ ಹೋಗಿರುತ್ತವೆ. ನಲವತ್ತು ದಾಟಿದವರಿಗೆ ಹತ್ತಿರದ ನೋಟವೇ ಮಂಕಾಗುವುದರಿಂದ, ಅಪ್ಪ ಮಗಳ ಜೊತೆ ಆಡುತ್ತಾ ಕನ್ನಡಕ ಏರಿಸಿ ಇಳಿಸಿ ಸೋಲುವುದರಲ್ಲಿ ಆಶ್ಚರ್ಯವಿಲ್ಲ.

ಇದಕ್ಕೆ ಪ್ರಸಿದ್ಧ ಉದಾಹರಣೆ 2016ರ ಸ್ಟಾರ್ ಫಾಕ್ಸ್ ಜೀರೊ. ಟಿವಿಯಲ್ಲಿ ವಿಮಾನದ ಹಿಂದಿನಿಂದ ಕಾಣುವ ನೋಟ, ಗೇಮ್‌ಪ್ಯಾಡ್‌ನಲ್ಲಿ ಪೈಲಟ್ ಕುಳಿತ ಜಾಗದ ನೋಟ. ಕರಾರುವಾಕ್ಕಾಗಿ ಗುರಿಯಿಡಲು ಕೈಯಲ್ಲಿರುವುದನ್ನು ನೋಡಬೇಕು, ಅಡ್ಡ ಬರುವುದನ್ನು ತಪ್ಪಿಸಿಕೊಳ್ಳಲು ಟಿವಿ ನೋಡಬೇಕು, ಎರಡೂ ಅದೇ ಗಳಿಗೆಯಲ್ಲಿ. ಯುದ್ಧವಿಮಾನಗಳಲ್ಲಿ ಗುರಿಯ ಮಾಹಿತಿಯನ್ನು ಪೈಲಟ್ಟಿನ ಕಣ್ಣೆದುರಿನ ಗಾಜಿನ ಮೇಲೇ ಮೂಡಿಸುವ ವ್ಯವಸ್ಥೆ ಬಂದದ್ದು ಅವನು ತಲೆ ತಗ್ಗಿಸಬಾರದೆಂದೇ. ಈ ಆಟ ಅದನ್ನು ತಿರುವುಮುರುವು ಮಾಡಿತು. ಕೆಲವರು ಅಭ್ಯಾಸದಿಂದ ಪಳಗಿ ಅದನ್ನು ಮೆಚ್ಚಿಕೊಂಡದ್ದೂ ಉಂಟು. ಪಳಗಿದ ಮೇಲೂ ಅವರಿಗೆ ಸಿಕ್ಕಿದ್ದು ಮೊದಲೇ ಇರಬಾರದಿದ್ದ ಒಂದು ಅಡಚಣೆಯ ಮೇಲಿನ ಹಿಡಿತವೇ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ನಿಂಟೆಂಡೊ ಡಿಎಸ್‌ನಲ್ಲೂ ಎರಡು ಪರದೆ ಇದ್ದವಲ್ಲ, ಅಲ್ಲಿ ಯಾರೂ ದೂರಲಿಲ್ಲ ಏಕೆ?

ಕೈಯಲ್ಲೇ ಹಿಡಿದು ಆಡುವ ಆ ಯಂತ್ರದಲ್ಲಿ ಎರಡೂ ಪರದೆಗಳು ಕಣ್ಣಿನಿಂದ ಒಂದೇ ದೂರದಲ್ಲಿ, ಒಂದರ ಕೆಳಗೊಂದು ಅಂಟಿಕೊಂಡಂತೆ ಇದ್ದವು. ಮಸೂರ ಹೊಂದಿಕೊಳ್ಳುವ ಕೆಲಸವಿಲ್ಲ, ತಲೆ ಅಲ್ಲಾಡಿಸಬೇಕಿಲ್ಲ. ಒಂದನ್ನು ನೋಡುತ್ತಿರುವಾಗ ಇನ್ನೊಂದರಲ್ಲಿ ಏನೋ ಕದಲಿದರೆ ಕಣ್ಣಂಚಿಗೆ ಗೊತ್ತಾಗುತ್ತದೆ. 2004ರಲ್ಲಿ ಬಂದ ಡಿಎಸ್ ಒಟ್ಟು 15.4 ಕೋಟಿ ಮಾರಾಟವಾಯಿತು. ಆ ಗೆಲುವನ್ನು ನೋಡಿ ಅದನ್ನೇ ಟಿವಿಯ ಮುಂದೆ ಹಿಗ್ಗಿಸಬಹುದು ಎಂದು ಅನಿಸುವುದು ಸಹಜ. ಹಿಗ್ಗಿಸಿದಾಗ ಉಳಿಯದೇ ಹೋದದ್ದು ಎರಡು ಪರದೆಗಳ ನಡುವಿನ ಆ ಸಾಮೀಪ್ಯವೇ.

ಕೆಳಗೆ ನೋಡುವ ಕಷ್ಟವನ್ನೇ ಆಟವಾಗಿ ಮಾಡಿದವರು ಯಾರಾದರೂ ಇದ್ದಾರೆಯೇ?

ಇದ್ದಾರೆ, ನನಗೆ ಬಹಳ ಇಷ್ಟವಾದ ಪ್ರಯೋಗ ಅದೇ. ಯೂಬಿಸಾಫ್ಟ್ ಕಂಪನಿಯ ಜಾಂಬಿಯು ವೀ ಯು ಜೊತೆಗೇ 2012ರಲ್ಲಿ ಬಂದ, ಪಾಳುಬಿದ್ದ ಲಂಡನ್ನಿನಲ್ಲಿ ನಡೆಯುವ ಭಯಾನಕ ಆಟ. ಇದರಲ್ಲಿ ಬೆನ್ನಿಗೆ ಹಾಕಿದ ಚೀಲದಿಂದ ಏನನ್ನಾದರೂ ತೆಗೆಯಬೇಕಾದರೆ ಗೇಮ್‌ಪ್ಯಾಡ್ ನೋಡಬೇಕು, ಆದರೆ ಆಟ ನಿಲ್ಲುವುದಿಲ್ಲ. ಟಿವಿಯಲ್ಲಿ ನಿಮ್ಮ ಪಾತ್ರ ಕುಕ್ಕರಗಾಲಿನಲ್ಲಿ ಕುಳಿತು ಚೀಲ ತಡಕಾಡುತ್ತಿರುವುದೂ ಅದರ ಸುತ್ತಲಿನ ಜಾಗವೂ ಕಾಣಿಸುತ್ತವೆ. ತಲೆ ತಗ್ಗಿಸಿ ಔಷಧಿ ಹುಡುಕುತ್ತಿರುವಾಗ ಹಿಂದೆ ನರಳಾಟದ ಸದ್ದು ಕೇಳಿದರೆ ಆಟಗಾರನಿಗೂ ಪಾತ್ರಕ್ಕೂ ಆಗುವ ದಿಗಿಲು ಒಂದೇ. ಕಣ್ಣು ತಗ್ಗಿಸುವುದು ಅಪಾಯ ಎಂಬ ಸತ್ಯವನ್ನು ಈ ಆಟ ಮರೆಮಾಚಲಿಲ್ಲ. ಅದನ್ನೇ ಭಯದ ಮೂಲವನ್ನಾಗಿ ಬಳಸಿಕೊಂಡಿತು. 2015ರಲ್ಲಿ ಇದೇ ಆಟ ಒಂದೇ ಪರದೆಯ ಯಂತ್ರಗಳಿಗೆ ಬಂದಾಗ ಚೀಲವೂ ಮುಖ್ಯ ಪರದೆಯಲ್ಲೇ ತೆರೆಯುತ್ತಿತ್ತು. ಆಡಲು ಅದು ಹೆಚ್ಚು ಸಲೀಸು, ಅಷ್ಟೇ ಪ್ರಮಾಣದಲ್ಲಿ ಸಪ್ಪೆ.

2015ರ ಅಫೋರ್ಡಬಲ್ ಸ್ಪೇಸ್ ಅಡ್ವೆಂಚರ್ಸ್‌ನದು ಇನ್ನೊಂದು ಜಾಣತನ. ಅಲ್ಲಿ ಗೇಮ್‌ಪ್ಯಾಡ್ ನಿಮ್ಮ ಅಗ್ಗದ ಆಕಾಶನೌಕೆಯ ನಿಯಂತ್ರಣ ಫಲಕ: ಯಾವ ಎಂಜಿನ್ ಓಡಬೇಕು, ಎಷ್ಟು ಶಬ್ದ, ಎಷ್ಟು ಶಾಖ ಹೊರಬೀಳಬೇಕು ಎಂಬುದನ್ನೆಲ್ಲ ಅಲ್ಲಿ ತಿದ್ದುತ್ತಾ, ಕಾವಲು ಯಂತ್ರಗಳ ಕಣ್ಣು ತಪ್ಪಿಸಿ ಟಿವಿಯಲ್ಲಿ ನುಸುಳಬೇಕು. ಆತುರಪಡಿಸುವ ಆಟವಲ್ಲವಾದ್ದರಿಂದ ಫಲಕ ನೋಡಲು ಸಮಯ ಸಿಗುತ್ತದೆ. ಮೂವರು ಸೇರಿ ಕೆಲಸ ಹಂಚಿಕೊಂಡು ಆಡಬಹುದು.

ಮನೆಗೆ ನೆಂಟರು ಬಂದಾಗ ಎಲ್ಲರೂ ಸೇರಿ ಆಡಲು ಇದು ಒಳ್ಳೆಯದೇ?

ಎರಡನೇ ಪರದೆ ಯಾವ ತಕರಾರೂ ಇಲ್ಲದೆ ಗೆಲ್ಲುವುದು ಇಲ್ಲಿ. ಒಂದು ಟಿವಿಯ ಮುಂದೆ ನಾಲ್ಕು ಜನ ಕುಳಿತರೆ ಎಲ್ಲರಿಗೂ ಎಲ್ಲವೂ ಕಾಣುತ್ತದೆ. ಅಲ್ಲಿ ಕಣ್ಣಾಮುಚ್ಚಾಲೆ ಆಡಿಸುವುದು ಕಷ್ಟ. ಒಬ್ಬರಿಗೆ ಮಾತ್ರ ಕಾಣುವ ಪರದೆ ಕೊಟ್ಟರೆ ಆಟದ ಗುಣವೇ ಬದಲಾಗುತ್ತದೆ. ವೀ ಯು ಜೊತೆ ಬಂದ ನಿಂಟೆಂಡೊ ಲ್ಯಾಂಡ್‌ನ ಮಾರಿಯೋ ಚೇಸ್‌ನಲ್ಲಿ ಓಡುವವನ ಕೈಯಲ್ಲಿ ಗೇಮ್‌ಪ್ಯಾಡ್. ಅವನಿಗೆ ಇಡೀ ಬಯಲಿನ ನಕ್ಷೆಯೂ ಅಟ್ಟಿಸಿಕೊಂಡು ಬರುವವರ ಜಾಗವೂ ಕಾಣುತ್ತವೆ. ಹಿಡಿಯುವವರಿಗೆ ಟಿವಿಯಲ್ಲಿ ತಮ್ಮ ಮುಂದಿನದಷ್ಟೇ ಕಾಣುವುದರಿಂದ ಅವರು ಕೂಗಿ ಹೇಳಿಕೊಳ್ಳಲೇಬೇಕು. ಅದೇ ಆಟದ ಲೂಯಿಜಿಯ ಭೂತಬಂಗಲೆಯಲ್ಲಿ ಗೇಮ್‌ಪ್ಯಾಡ್ ಹಿಡಿದವನು ಭೂತ, ಟಿವಿಯಲ್ಲಿ ಅವನು ಕಾಣುವುದೇ ಇಲ್ಲ; ಹತ್ತಿರ ಬಂದಾಗ ಉಳಿದವರ ಕಂಟ್ರೋಲರ್ ನಡುಗುತ್ತದೆ ಅಷ್ಟೆ. ಎಂದೂ ಗೇಮ್ ಆಡದ ಅತ್ತೆ-ಮಾವಂದಿರೂ ಎರಡು ನಿಮಿಷದಲ್ಲಿ ನಿಯಮ ತಿಳಿದುಕೊಂಡು ಕಿರುಚಾಡತೊಡಗುತ್ತಾರೆ.

ಈ ಬಗೆಯ ಆಟಗಳಲ್ಲಿ ಯಾರೂ ಎರಡು ಪರದೆ ನೋಡುತ್ತಿಲ್ಲ, ಒಬ್ಬೊಬ್ಬರಿಗೂ ಒಂದೇ ಪರದೆ ಎಂಬುದನ್ನು ಗಮನಿಸಬೇಕು. ಕಣ್ಣಿನ ಸಮಸ್ಯೆ ಇಲ್ಲಿ ಹುಟ್ಟುವುದೇ ಇಲ್ಲ.

ಸ್ಪರ್ಧೆಯ ಆಟದಲ್ಲಿ ಎರಡನೇ ಪರದೆ ಇದ್ದವರು ಹೆಚ್ಚು ಗೆಲ್ಲುತ್ತಾರೆಯೇ?

ಎದುರಾಳಿಗೂ ಅದೇ ಪರದೆ ಇರುವಾಗ ಯಾರಿಗೂ ವಿಶೇಷ ಅನುಕೂಲವಿಲ್ಲ. ಬದಲಾಗುವುದು ಗೆಲ್ಲಲು ಬೇಕಾದ ಕೌಶಲ. 2015ರ ಸ್ಪ್ಲಾಟೂನ್ ಇದಕ್ಕೆ ಸ್ಪಷ್ಟ ನಿದರ್ಶನ. ನೆಲಕ್ಕೆ ಬಣ್ಣ ಬಳಿದು ಜಾಗ ಗೆಲ್ಲುವ ಈ ಆಟದಲ್ಲಿ ಯಾವ ಮೂಲೆ ಯಾರ ಬಣ್ಣದಲ್ಲಿದೆ ಎಂಬ ಚಿತ್ರ ಗೇಮ್‌ಪ್ಯಾಡ್‌ನಲ್ಲಿ ಕ್ಷಣಕ್ಷಣವೂ ಬದಲಾಗುತ್ತಿತ್ತು. ಸಂಗಡಿಗನ ಗುರುತನ್ನು ಮುಟ್ಟಿದರೆ ಅವನ ಬಳಿಗೇ ಹಾರಬಹುದಿತ್ತು. ಕೆಳಗೆ ಎಷ್ಟು ಹೊತ್ತು ನೋಡಬಹುದು, ಯಾವಾಗ ನೋಡಬಾರದು ಎಂಬ ಅಂದಾಜು ಇದ್ದವನು ಮುಂದಿರುತ್ತಿದ್ದ. 2017ರಲ್ಲಿ ಒಂದೇ ಪರದೆಯ ಸ್ವಿಚ್ ಯಂತ್ರಕ್ಕೆ ಬಂದ ಸ್ಪ್ಲಾಟೂನ್ 2ರಲ್ಲಿ ಅದೇ ನಕ್ಷೆಗೆ ಎಕ್ಸ್ ಬಟನ್ ಒತ್ತಬೇಕು, ಒತ್ತಿದಾಗ ನಕ್ಷೆ ಆಟದ ನೋಟವನ್ನು ಮುಚ್ಚಿಕೊಳ್ಳುತ್ತದೆ. ಅಷ್ಟಾದರೂ ಎರಡನೆಯ ಆಟ ಕುಂಟಲಿಲ್ಲ. ನಕ್ಷೆ ಕಣ್ಣೆದುರಿಗೇ ಬರುವುದರಿಂದ ನೋಡಿ ಮರಳುವುದು ಚುರುಕಾಯಿತು ಎನ್ನುವವರೂ ಇದ್ದಾರೆ, ಸದಾ ತೆರೆದಿದ್ದ ನಕ್ಷೆ ಹೋದದ್ದೇ ನಷ್ಟ ಎನ್ನುವವರೂ ಇದ್ದಾರೆ. ನನ್ನ ಒಲವು ಎರಡನೆಯವರ ಕಡೆಗೆ, ಏಕೆಂದರೆ ತೆರೆಯದೆಯೇ ಓರೆಗಣ್ಣಿನಲ್ಲಿ ಸಿಗುವ ಅರಿವು ಒತ್ತಿ ತೆರೆದ ನಕ್ಷೆಯಿಂದ ಸಿಗುವುದಿಲ್ಲ.

ಮನೆಯಲ್ಲಿ ಎಲ್ಲರೂ ಧಾರಾವಾಹಿ ನೋಡುತ್ತಿರುವಾಗ ಕೈಯಲ್ಲೇ ಆಡಬಹುದೇ?

ಅನೇಕ ವೀ ಯು ಆಟಗಳಲ್ಲಿ ಆಡಬಹುದಿತ್ತು; ಟಿವಿಯ ಚಿತ್ರವೇ ಗೇಮ್‌ಪ್ಯಾಡ್‌ಗೆ ಬರುತ್ತಿತ್ತು. ಕೊಂಡವರು ಅತಿ ಹೆಚ್ಚು ನೆನೆಸಿಕೊಳ್ಳುವ ಸೌಕರ್ಯ ಇದೇ ಇರಬೇಕು. ವಿಪರ್ಯಾಸವೆಂದರೆ ಇದರಲ್ಲಿ ಎರಡನೇ ಪರದೆಯ ಬಳಕೆಯೇ ಇಲ್ಲ.

## ಇನ್ನಷ್ಟು ಆಳಕ್ಕೆ

ಇಷ್ಟೆಲ್ಲ ಅನುಕೂಲವಿದ್ದರೆ ವೀ ಯು ಏಕೆ ನೆಲಕಚ್ಚಿತು?

ವೀ ಯು ಮಾರಾಟವಾದದ್ದು 1.356 ಕೋಟಿ, ಅದರ ಹಿಂದಿನ ವೀ ಹತ್ತು ಕೋಟಿ ದಾಟಿತ್ತು. ಸೋಲಿನ ಹೊಣೆಯನ್ನೆಲ್ಲ ಪರದೆಯ ಮೇಲೆ ಹೊರಿಸುವುದು ನ್ಯಾಯವಲ್ಲ. ಹೆಸರು ಕೇಳಿದವರಲ್ಲಿ ಅನೇಕರು ಅದನ್ನು ಹಳೆಯ ವೀ ಯಂತ್ರಕ್ಕೆ ಸೇರಿಸುವ ಒಂದು ಬಿಡಿ ಸಾಧನವೆಂದೇ ತಿಳಿದರು, ಹೊಸ ಆಟಗಳು ತಡವಾಗಿ ಬಂದವು, ಒಂದೇ ವರ್ಷದಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್ ಮಾರುಕಟ್ಟೆಗೆ ಇಳಿದವು.

ಪರದೆಯ ಪಾಲೂ ಇತ್ತು. ಅದು ಯಂತ್ರದ ಬೆಲೆ ಏರಿಸಿತು, ಎರಡು ಬೇರೆ ನೋಟ ಬಿಡಿಸಬೇಕಾದಾಗ ಯಂತ್ರದ ಶಕ್ತಿಯನ್ನೂ ಹಂಚಿಕೊಂಡಿತು. ಬೇರೆ ಯಂತ್ರಗಳಿಗೂ ಆಟ ಮಾರುವ ಕಂಪನಿಗಳಿಗೆ ವೀ ಯು ಒಂದಕ್ಕಾಗಿ ಆಟವನ್ನು ಹೊಸದಾಗಿ ರೂಪಿಸುವುದು ಗಿಟ್ಟುವ ಬಾಬತ್ತಾಗಿರಲಿಲ್ಲ. ಅವರು ನಕ್ಷೆಯನ್ನು ಕೆಳಗಿನ ಪರದೆಗೆ ತಳ್ಳಿ ಕೈತೊಳೆದುಕೊಂಡರು. ನಿಂಟೆಂಡೊ ಕೂಡ ಎಷ್ಟೋ ಕಡೆ ದಾರಿ ಕಾಣದೆ ನಿಂತಿತು. 2014ರ ಡಾಂಕಿ ಕಾಂಗ್ ಕಂಟ್ರಿ: ಟ್ರಾಪಿಕಲ್ ಫ್ರೀಜ್ ಅನ್ನು ಟಿವಿಯಲ್ಲಿ ಆಡುವಾಗ ಗೇಮ್‌ಪ್ಯಾಡ್‌ನ ಪರದೆ ಕಪ್ಪಾಗಿಯೇ ಇರುತ್ತಿತ್ತು. ಕೊಂಡವರು ದುಡ್ಡು ಕೊಟ್ಟ ಪರದೆಯನ್ನು ತಯಾರಿಸಿದವರೇ ಆರಿಸಿಟ್ಟರು. ಆ ಆಟ ಸೊಗಸಾಗಿತ್ತು ಎಂಬುದನ್ನು ನೋಡಿದರೆ ಆ ನಿರ್ಧಾರ ಸರಿಯೇ, ಆದರೆ ಯಂತ್ರದ ಸಮರ್ಥನೆಗೆ ಅದರಷ್ಟು ದೊಡ್ಡ ಪೆಟ್ಟು ಬೇರೊಂದಿಲ್ಲ. 2017ರ ಮಾರ್ಚ್‌ನಲ್ಲಿ ಬಂದ ಜೆಲ್ಡಾ ಸರಣಿಯ ಬ್ರೆತ್ ಆಫ್ ದ ವೈಲ್ಡ್ ಆಟಕ್ಕೂ ಮೊದಲು ಗೇಮ್‌ಪ್ಯಾಡ್‌ನ ನಕ್ಷೆಯನ್ನು ಯೋಜಿಸಲಾಗಿತ್ತು. ಕೊನೆಗೆ ಬಂದ ಆವೃತ್ತಿಯಲ್ಲಿ ಅದನ್ನು ಕೈಬಿಡಲಾಗಿತ್ತು.

ಮೊಬೈಲನ್ನೇ ಎರಡನೇ ಪರದೆ ಮಾಡಿದ ಆಪ್‌ಗಳು ಬಂದಿದ್ದವಲ್ಲ, ಅವೆಲ್ಲ ಎಲ್ಲಿ ಹೋದವು?

2012ರಿಂದ ಮೂರ್ನಾಲ್ಕು ವರ್ಷ ಅವುಗಳದ್ದೇ ಸುಗ್ಗಿ. ಮೈಕ್ರೋಸಾಫ್ಟ್ 2012ರ ಅಕ್ಟೋಬರ್‌ನಲ್ಲಿ ಸ್ಮಾರ್ಟ್‌ಗ್ಲಾಸ್ ಎಂಬ ಆಪ್ ತಂದಿತು. 2013ರ ಅಸಾಸಿನ್ಸ್ ಕ್ರೀಡ್ 4: ಬ್ಲ್ಯಾಕ್ ಫ್ಲ್ಯಾಗ್‌ಗೆ ನಕ್ಷೆ ತೋರಿಸುವ ಆಪ್ ಇತ್ತು. ಬ್ಯಾಟಲ್‌ಫೀಲ್ಡ್ 4ರಲ್ಲಿ ಒಬ್ಬರು ಟ್ಯಾಬ್ಲೆಟ್ ಹಿಡಿದು ದಳಪತಿಯಾಗಿ ಉಳಿದವರಿಗೆ ಆದೇಶ ಕೊಡಬಹುದಿತ್ತು. 2015ರ ಫಾಲೌಟ್ 4ರ ಆಪ್, ಆಟದ ನಾಯಕ ಮುಂಗೈಗೆ ಕಟ್ಟಿಕೊಳ್ಳುವ ಪಿಪ್‌ಬಾಯ್ ಫಲಕವನ್ನು ಮೊಬೈಲಿಗೆ ತಂದಿತು.

ಅವು ನಿಲ್ಲದಿರಲು ಕಾರಣಗಳು ಸರಳ. ಎರಡೂ ಕೈ ಕಂಟ್ರೋಲರ್ ಮೇಲಿರುವಾಗ ಮೊಬೈಲ್ ಮುಟ್ಟಲು ಒಂದು ಕೈ ಬಿಡಲೇಬೇಕು. ಬಟನ್ನುಗಳ ನಡುವೆಯೇ ಪರದೆ ಇದ್ದ ಗೇಮ್‌ಪ್ಯಾಡ್‌ಗೆ ಈ ತೊಡಕು ಇರಲಿಲ್ಲ. ಮೊಬೈಲ್ ತಾನಾಗಿ ಆರುತ್ತದೆ, ನಡುವೆ ಕರೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಎಲ್ಲರ ಬಳಿಯೂ ಆಪ್ ಇರುತ್ತದೆ ಎಂಬ ಖಾತರಿ ಇಲ್ಲದ್ದರಿಂದ ಆಟದ ಯಾವ ಅಗತ್ಯ ಅಂಶವನ್ನೂ ಅದಕ್ಕೆ ಒಪ್ಪಿಸುವಂತಿರಲಿಲ್ಲ. ಇದ್ದರೂ ಆದೀತು, ಇಲ್ಲದಿದ್ದರೂ ಆದೀತು ಎಂಬ ಸಾಧನಕ್ಕೆ ವರ್ಷವರ್ಷ ಖರ್ಚು ಮಾಡುವವರು ಯಾರು? ಯೂಬಿಸಾಫ್ಟ್ 2013ರಲ್ಲಿ ದ ಡಿವಿಷನ್ ಆಟಕ್ಕೆ ಟ್ಯಾಬ್ಲೆಟ್ಟಿನಿಂದ ಡ್ರೋನ್ ಹಾರಿಸುವ ಆಪ್ ತೋರಿಸಿತ್ತು. ಆಟ ಬಿಡುಗಡೆಯಾಗುವ ಮೊದಲೇ ಅದನ್ನು ಕೈಬಿಟ್ಟಿತು.

ಉಳಿದು ಬೆಳೆದದ್ದು ಪಾರ್ಟಿ ಆಟಗಳು. ಜ್ಯಾಕ್‌ಬಾಕ್ಸ್ ಪಾರ್ಟಿ ಪ್ಯಾಕ್ 2014ರಿಂದ ಮೊಬೈಲಿನ ಬ್ರೌಸರನ್ನೇ ಕಂಟ್ರೋಲರ್ ಮಾಡಿಕೊಂಡಿದೆ. ಅಲ್ಲಿ ಮೊಬೈಲ್ ಒಂದೇ ಕಂಟ್ರೋಲರ್, ಅದರಲ್ಲಿ ನಿಮ್ಮ ಗುಟ್ಟಿನ ಉತ್ತರ ಬರೆದ ಮೇಲೆ ಎಲ್ಲರೂ ಒಟ್ಟಿಗೆ ತಲೆಯೆತ್ತಿ ಟಿವಿ ನೋಡುತ್ತಾರೆ.

ನಾನು ಆಟ ತಯಾರಿಸುವವನು. ಎರಡನೇ ಪರದೆಗೆ ಏನು ಹಾಕಬೇಕು, ಏನು ಹಾಕಬಾರದು?

ಕ್ಷಣಾರ್ಧದ ನಿರ್ಧಾರಕ್ಕೆ ಬೇಕಾದದ್ದು ಯಾವುದನ್ನೂ ಹಾಕಬೇಡಿ: ಉಳಿದ ಪ್ರಾಣ, ಗುಂಡುಗಳ ಸಂಖ್ಯೆ, ಗುರಿಯ ಗುರುತು ಮುಖ್ಯ ಚಿತ್ರದಲ್ಲೇ ಇರಲಿ. ನಿಧಾನವಾಗಿ ಬದಲಾಗುವ, ಆಟಗಾರ ತಾನೇ ಸಮಯ ನೋಡಿ ಗಮನಿಸಬಹುದಾದ ಸಂಗತಿಗಳು ಕೆಳಗೆ ಹೋಗಲಿ. ಕೆಳಗೆ ಏನೋ ಬದಲಾಯಿತೆಂದು ತಿಳಿಸಬೇಕಾದರೆ ಕಣ್ಣನ್ನು ಕರೆಯುವ ಬದಲು ಕಿವಿಗೆ ಹೇಳಿ. ಕಂಟ್ರೋಲರ್‌ನ ಸ್ಪೀಕರಿನಿಂದ ಬರುವ ಸದ್ದೋ ಸಣ್ಣ ನಡುಕವೋ ಸಾಕು. ಬೇರೆ ಬೇರೆ ಕಡೆ ಇರುವ ಎರಡು ಮಾಹಿತಿಗಳನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳಬೇಕಾದಾಗ ಕಲಿಕೆ ಕುಂಠಿತವಾಗುತ್ತದೆ ಎಂಬುದನ್ನು ಜಾನ್ ಸ್ವೆಲ್ಲರ್ ಮತ್ತು ಪಾಲ್ ಚಾಂಡ್ಲರ್ 1990ರ ದಶಕದ ಆರಂಭದಲ್ಲೇ ವಿದ್ಯಾರ್ಥಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದ್ದರು. ಚಿತ್ರ ಒಂದು ಕಡೆ, ಅದರ ವಿವರಣೆ ಇನ್ನೊಂದು ಕಡೆ ಇದ್ದ ಪಾಠಪುಸ್ತಕಕ್ಕೆ ಅನ್ವಯಿಸಿದ್ದು ಆಟಕ್ಕೂ ಅನ್ವಯಿಸುತ್ತದೆ, ಆಟದಲ್ಲಿ ಗಡಿಯಾರವೂ ಓಡುತ್ತಿರುತ್ತದೆ ಎಂಬುದಷ್ಟೇ ಹೆಚ್ಚಿನದು.

ಇನ್ನೊಂದು ಪರೀಕ್ಷೆ: ಆಟಗಾರ ಕೈಯಲ್ಲಿರುವುದನ್ನೇ ನೋಡುತ್ತಾ ಕುಳಿತರೆ ಟಿವಿ ವ್ಯರ್ಥವಾಗುತ್ತದೆಯೇ? 2015ರ ಕರ್ಬಿ ಅಂಡ್ ದ ರೇನ್‌ಬೋ ಕರ್ಸ್ ಜೇಡಿಮಣ್ಣಿನಲ್ಲಿ ತಿದ್ದಿದಂತೆ ಕಾಣುವ ಅತಿ ಸುಂದರ ಆಟ. ಕಡ್ಡಿಯಿಂದ ಗೆರೆ ಎಳೆಯುತ್ತಲೇ ಇರಬೇಕಾದ್ದರಿಂದ ಆಡುವವನು ಆ ಸೌಂದರ್ಯವನ್ನು ಮಂಕಾದ ಸಣ್ಣ ಪರದೆಯಲ್ಲೇ ನೋಡುತ್ತಾನೆ. ದೊಡ್ಡ ಟಿವಿಯ ಸುಖವೆಲ್ಲ ಪಕ್ಕದಲ್ಲಿ ಸುಮ್ಮನೆ ಕುಳಿತವರಿಗೆ.

ಈಗಿನ ಯಂತ್ರಗಳಲ್ಲಿ ಈ ಯೋಚನೆ ಪೂರ್ತಿ ಸತ್ತಿತೇ?

ಸ್ವಿಚ್ ಯಂತ್ರವನ್ನು ಟಿವಿಗೆ ಜೋಡಿಸಿದ ಕೂಡಲೇ ಅದರ ಸ್ವಂತ ಪರದೆ ಆರುತ್ತದೆ, ಆ ಮಟ್ಟಿಗೆ ಸತ್ತಂತೆಯೇ. ಆದರೆ 2025ರ ಜೂನ್‌ನಲ್ಲಿ ಸ್ವಿಚ್ 2 ಬಂದಾಗ ಬ್ರೆತ್ ಆಫ್ ದ ವೈಲ್ಡ್‌ನ ಹೊಸ ಆವೃತ್ತಿಗೆ ಜೆಲ್ಡಾ ನೋಟ್ಸ್ ಎಂಬ ಮೊಬೈಲ್ ಸೇವೆ ಸೇರಿಕೊಂಡಿತು: ಆಟಗಾರ ಎಲ್ಲಿದ್ದಾನೆಂದು ಮೊಬೈಲಿನ ನಕ್ಷೆ ತೋರಿಸುತ್ತದೆ, ಹೋಗಬೇಕಾದ ದಾರಿಯನ್ನು ಧ್ವನಿಯಲ್ಲಿ ಹೇಳುತ್ತದೆ. ವೀ ಯು ಕಾಲದಲ್ಲಿ ಕೈಬಿಟ್ಟ ನಕ್ಷೆ ಎಂಟು ವರ್ಷಗಳ ಮೇಲೆ ಬೇರೆ ವೇಷದಲ್ಲಿ ಮರಳಿದೆ, ಈ ಸಲ ತಲೆ ತಗ್ಗಿಸುವ ಕಷ್ಟವನ್ನು ಧ್ವನಿ ತಪ್ಪಿಸಿದೆ. ಇನ್ನೊಂದೆಡೆ ಅಯಾನಿಯೊ ಫ್ಲಿಪ್ ಡಿಎಸ್‌ನಂಥ ಎರಡು ಪರದೆಗಳ ಕೈಯಂತ್ರಗಳೂ ಬಂದಿವೆ.

ಅಮೆರಿಕದಲ್ಲಿರುವ ಅಣ್ಣ ಹಳೆಯ ವೀ ಯು ತಂದುಕೊಡುತ್ತೇನೆ ಎನ್ನುತ್ತಾನೆ. ಬೆಂಗಳೂರಿನಲ್ಲಿ ಅದು ನಡೆಯುತ್ತದೆಯೇ? ಈಗ ತರಿಸಿಕೊಳ್ಳುವುದು ಲಾಭವೇ?

ನಡೆಯುತ್ತದೆ, ಆದರೆ ಅಲ್ಲಿನ ಅಡಾಪ್ಟರನ್ನು ಇಲ್ಲಿನ ಪ್ಲಗ್ಗಿಗೆ ನೇರವಾಗಿ ಸಿಕ್ಕಿಸಬೇಡಿ. ಅಮೆರಿಕದ ವೀ ಯು ಅಡಾಪ್ಟರ್ 120 ವೋಲ್ಟ್‌ಗೆ ಮಾತ್ರ ತಯಾರಾದದ್ದು, ನಮ್ಮ ಮನೆಗಳಲ್ಲಿ 230 ವೋಲ್ಟ್. ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಬೇಕು, ಇಲ್ಲವೇ ಯುರೋಪಿನ ವೀ ಯುಗೆ ಬಂದ ಅಡಾಪ್ಟರ್ ಹುಡುಕಬೇಕು. ಗೇಮ್‌ಪ್ಯಾಡ್‌ನ ಚಾರ್ಜರ್ ಬೇರೆಯೇ ಇರುವುದರಿಂದ ಅದರ ಮೇಲೆ ಬರೆದಿರುವುದನ್ನೂ ಓದಿ ನೋಡಿ. ಆಟದ ಡಿಸ್ಕ್‌ಗಳಿಗೆ ಪ್ರದೇಶದ ಕಟ್ಟುಪಾಡು ಇದೆ: ಅಮೆರಿಕದ ಯಂತ್ರದಲ್ಲಿ ಯುರೋಪ್ ಅಥವಾ ಜಪಾನಿನ ಡಿಸ್ಕ್ ಓಡುವುದಿಲ್ಲ, ಆದ್ದರಿಂದ ಆಟಗಳನ್ನೂ ಅಣ್ಣನೇ ತರಬೇಕಾಗುತ್ತದೆ.

ಕೊಳ್ಳುವ ಮೊದಲು ಗೇಮ್‌ಪ್ಯಾಡ್ ಸರಿಯಾಗಿದೆಯೇ ಎಂದು ಅಣ್ಣನಿಂದ ಖಚಿತಪಡಿಸಿಕೊಳ್ಳಿ. ಅದಿಲ್ಲದೆ ಯಂತ್ರವನ್ನು ಮೊದಲ ಸಲ ಸಿದ್ಧಪಡಿಸುವುದಕ್ಕೇ ಆಗುವುದಿಲ್ಲ. ಜಪಾನಿನ ಹೊರಗೆ ಗೇಮ್‌ಪ್ಯಾಡನ್ನು ಅಂಗಡಿಯಲ್ಲಿ ಬಿಡಿಯಾಗಿ ಮಾರಲಿಲ್ಲ, ಜಪಾನಿನದು ಅಮೆರಿಕದ ಯಂತ್ರಕ್ಕೆ ಹೊಂದುವುದಿಲ್ಲ. ಆನ್‌ಲೈನ್ ಅಂಗಡಿ 2023ರ ಮಾರ್ಚ್‌ನಲ್ಲೇ ಮುಚ್ಚಿತು, 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಆಟವೂ ನಿಂತಿತು. ಹಾಗಾಗಿ ಸ್ಪ್ಲಾಟೂನ್‌ಗಾಗಿ ತರಿಸಬೇಡಿ. ಅಫೋರ್ಡಬಲ್ ಸ್ಪೇಸ್ ಅಡ್ವೆಂಚರ್ಸ್ ಆ ಅಂಗಡಿಯಲ್ಲಿ ಮಾತ್ರ ಸಿಗುತ್ತಿದ್ದ ಆಟವಾದ್ದರಿಂದ ಅದೂ ಕೈಗೆಟಕದು. ವಿಂಡ್ ವೇಕರ್ ಎಚ್‌ಡಿ, ಜಾಂಬಿಯು, ನಿಂಟೆಂಡೊ ಲ್ಯಾಂಡ್ ಈ ಮೂರರ ಡಿಸ್ಕ್ ಜೊತೆಗೆ ಬರುತ್ತವೆ, ಮನೆಯಲ್ಲಿ ಆಡಲು ಮೂರ್ನಾಲ್ಕು ಜನ ಇದ್ದಾರೆ ಎಂದಾದರೆ ತರಿಸಿಕೊಳ್ಳಿ. ನಿಂಟೆಂಡೊ ಲ್ಯಾಂಡ್‌ನಲ್ಲಿ ಉಳಿದವರು ಹಿಡಿಯುವುದು ಹಳೆಯ ವೀ ರಿಮೋಟ್. ಅವನ್ನು ಬೇರೆಯಾಗಿ ಕೊಳ್ಳಬೇಕಾಗುತ್ತದೆ ಎಂಬುದನ್ನೂ ಅಣ್ಣನಿಗೆ ತಿಳಿಸಿ.